ಗಾಳಿಯ ಸುದ್ದಿ, ನೀರಿನ ಲೆಕ್ಕ: ಈರೀ ಸರೋವರದ ತೀರದಲ್ಲಿ ಬೇಸಿಗೆಯ ಕೊನೆ



ಮಲೆನಾಡಿನಲ್ಲಿ ಶ್ರಾವಣ, ಭಾದ್ರಪದಗಳ ಮಳೆ ಸುರಿಯುತ್ತಿರುವ ದಿನಗಳಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳ ತೀರದಲ್ಲಿ ಬೇಸಿಗೆ ಮುಗಿಯುತ್ತ ಬಂದಿರುತ್ತದೆ. ಅಲ್ಲಿ ಜೂನ್, ಜುಲೈ, ಆಗಸ್ಟ್ ಬೇಸಿಗೆಯ ತಿಂಗಳುಗಳು. ಆಗಸ್ಟ್ ತಿಂಗಳ ಕೊನೆಯ ವಾರಗಳಲ್ಲಿ ಕೆನಡಾದ ಕಡೆಯಿಂದ ಮೊದಲ ತಂಪು ಗಾಳಿ ದಕ್ಷಿಣಕ್ಕೆ ಇಳಿಯುತ್ತದೆ. ಸೆಖೆ ತಗ್ಗುವುದೆಂದೂ, ಆಕಾಶ ತಿಳಿಯಾಗುವುದೆಂದೂ, ರಾತ್ರಿ ಹೊದಿಕೆ ಬೇಕಾಗುವುದೆಂದೂ ಹವಾಮಾನ ವರದಿಗಳು ತಿಳಿಸುತ್ತವೆ. ನಗರವಾಸಿಗಳಿಗೆ ಇಷ್ಟು ಸುದ್ದಿ ಸಾಕು. ಸರೋವರವನ್ನು ನಂಬಿ ಬದುಕುವ ದ್ರಾಕ್ಷಿ ಬೆಳೆಗಾರರಿಗೆ, ಮೀನುಗಾರರಿಗೆ, ಕುಡಿಯುವ ನೀರನ್ನು ಶುದ್ಧೀಕರಿಸುವ ಕೆಲಸಗಾರರಿಗೆ ಇದು ಅರ್ಧ ಸುದ್ದಿ ಮಾತ್ರ. ಗಾಳಿ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ. ನೀರು ಹಾಗೆ ಬದಲಾಗುವುದಿಲ್ಲ. ಬೇಸಿಗೆಯಲ್ಲಿ ತನ್ನೊಳಗೆ ಸೇರಿದ ಶಾಖವನ್ನೂ ಗೊಬ್ಬರವನ್ನೂ ಅದು ಇನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಸರೋವರ ತೀರದ ಮುನ್ಸೂಚನೆಯಲ್ಲಿ ಈ ಎರಡನೆಯ ಅರ್ಧವನ್ನು ಓದುವುದು ಹೇಗೆ, ಅದನ್ನು ಓದದಿದ್ದರೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಸುಪೀರಿಯರ್, ಮಿಶಿಗನ್, ಹ್ಯೂರನ್, ಈರೀ ಮತ್ತು ಒಂಟಾರಿಯೊ ಎಂಬ ಐದು ಸರೋವರಗಳು ಸೇರಿ, ಮಂಜುಗಡ್ಡೆಯನ್ನು ಬಿಟ್ಟರೆ, ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಸುಮಾರು ಐದನೆಯ ಒಂದು ಭಾಗವನ್ನು ಹಿಡಿದಿಟ್ಟಿವೆ. ಇವುಗಳಲ್ಲಿ ಈರೀ ಅತ್ಯಂತ ದಕ್ಷಿಣದ್ದು, ಅತ್ಯಂತ ಆಳ ಕಡಿಮೆಯಾದದ್ದು. ಅದರ ಉದ್ದ ಸುಮಾರು 388 ಕಿಲೋಮೀಟರ್, ವಿಸ್ತೀರ್ಣ ಸುಮಾರು 25,700 ಚದರ ಕಿಲೋಮೀಟರ್. ಸರಾಸರಿ ಆಳ ಕೇವಲ 19 ಮೀಟರ್. ಸುಪೀರಿಯರ್ ಸರೋವರದ ಅತ್ಯಂತ ಆಳದ ಜಾಗ 406 ಮೀಟರ್ ಇದ್ದರೆ ಈರೀಯಲ್ಲಿ ಅದು 64 ಮೀಟರ್. ಈರೀಯ ಪಶ್ಚಿಮ ಭಾಗವಂತೂ ಸರಾಸರಿ ಏಳು ಮೀಟರಿನಷ್ಟು ಮಾತ್ರ ಆಳವಿದೆ. ಉತ್ತರ ದಂಡೆ ಕೆನಡಾದ ಒಂಟಾರಿಯೊ ಪ್ರಾಂತಕ್ಕೆ ಸೇರಿದೆ. ಒಹಾಯೊ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್ ರಾಜ್ಯಗಳು ದಕ್ಷಿಣ ದಂಡೆಯನ್ನು ಹಂಚಿಕೊಂಡಿವೆ. ಪಶ್ಚಿಮದ ಒಂದು ಅಂಚು ಮಿಶಿಗನ್ ರಾಜ್ಯದ್ದು. ಒಂದು ಕೋಟಿಗೂ ಹೆಚ್ಚು ಜನರು ಈ ಒಂದೇ ಸರೋವರದ ನೀರನ್ನು ಕುಡಿಯುತ್ತಾರೆ.

ಮೊದಲು ಶಾಖದ ಲೆಕ್ಕವನ್ನು ನೋಡಬೇಕು. ಬಿಸಿಲಿಗೆ ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಬೆಚ್ಚಗಿರುವುದನ್ನು ಹಳ್ಳಿಯ ಮಕ್ಕಳೂ ಬಲ್ಲರು. ನೀರಿನ ಶಕ್ತಿ ಬಂಡೆಗಿಂತಲೂ ದೊಡ್ಡದು. ಒಂದು ಘನಮೀಟರ್ ನೀರು ಒಂದು ಡಿಗ್ರಿ ತಣಿಯುವಾಗ ಬಿಟ್ಟುಕೊಡುವ ಶಾಖವು ಮೂರು ಸಾವಿರಕ್ಕೂ ಹೆಚ್ಚು ಘನಮೀಟರ್ ಗಾಳಿಯನ್ನು ಒಂದು ಡಿಗ್ರಿಯಷ್ಟು ಬೆಚ್ಚಗಾಗಿಸಬಲ್ಲದು. ಈರೀಯ ಪೂರ್ವ ತುದಿಯಲ್ಲಿರುವ ಬಫಲೊ ನಗರದಲ್ಲಿ ಸರೋವರದ ನೀರಿನ ಉಷ್ಣತೆಯನ್ನು 1927ರಿಂದ ದಾಖಲಿಸುತ್ತ ಬರಲಾಗಿದೆ. ಆಗಸ್ಟ್ ತಿಂಗಳಲ್ಲಿ ಅಲ್ಲಿ ನೀರು ಸಾಮಾನ್ಯವಾಗಿ 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹಗಲು ಅತ್ಯಂತ ದೀರ್ಘವಾಗಿರುವುದು ಜೂನ್‌ನಲ್ಲಿ, ನೆಲ ಹೆಚ್ಚು ಕಾಯುವುದು ಜುಲೈಯಲ್ಲಿ, ಸರೋವರ ತನ್ನ ಶಾಖದ ತುದಿಯನ್ನು ಮುಟ್ಟುವುದು ಆಗಸ್ಟ್‌ನಲ್ಲಿ. ಹೀಗೆ ಪ್ರತಿಯೊಂದೂ ಹಿಂದಿನದಕ್ಕಿಂತ ತಡವಾಗಿ ನಡೆಯುತ್ತದೆ. ತಂಪು ಗಾಳಿ ಬಂದಾಗ ನೆಲ ಶರತ್ಕಾಲವನ್ನು ಪ್ರವೇಶಿಸಿರುತ್ತದೆ, ಸರೋವರ ಇನ್ನೂ ಬೇಸಿಗೆಯಲ್ಲೇ ಇರುತ್ತದೆ.

ಈ ವ್ಯತ್ಯಾಸದಿಂದ ಹವೆಯಲ್ಲಿ ಏನೇನು ಘಟಿಸುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ. ತಂಪು ಗಾಳಿಯ ಮುಂಚೂಣಿಯನ್ನು ಹವಾಮಾನ ಶಾಸ್ತ್ರದಲ್ಲಿ ಶೀತವಾಯುಮುಖ ಎನ್ನುತ್ತಾರೆ. ಅದು ಬರುವ ಮುಂಚಿನ ದಿನ ನೈಋತ್ಯದಿಂದ ಬಿಸಿಯಾದ, ತೇವಭರಿತ ಗಾಳಿ ಬೀಸುತ್ತದೆ. ಈರೀ ಸರೋವರ ನೈಋತ್ಯದಿಂದ ಈಶಾನ್ಯಕ್ಕೆ ಚಾಚಿಕೊಂಡಿರುವುದರಿಂದ ಈ ಗಾಳಿ ಸರೋವರದ ಉದ್ದಕ್ಕೂ ಬೀಸಿ ನೀರನ್ನು ಬಫಲೊ ಕಡೆಗೆ ತಳ್ಳುತ್ತದೆ. ಗಾಳಿ ಬಲವಾಗಿದ್ದರೆ ಪೂರ್ವದ ತುದಿಯಲ್ಲಿ ನೀರಿನ ಮಟ್ಟ ಏರಿ, ಪಶ್ಚಿಮದ ಟೊಲೆಡೊ ನಗರದ ಬಳಿ ಇಳಿಯುತ್ತದೆ. ಗಾಳಿ ನಿಂತೊಡನೆ ಏರಿದ ನೀರು ಹಿಂದಕ್ಕೆ ಹರಿದು, ಹರಿವಾಣದಲ್ಲಿಟ್ಟ ನೀರು ತುಳುಕುವಂತೆ ಆಚೀಚೆ ತೂಗುತ್ತದೆ. ಪ್ರಬಲ ಬಿರುಗಾಳಿಗಳು ಶರತ್ಕಾಲ ಮುಂದುವರಿದಂತೆ ಹೆಚ್ಚುತ್ತವೆ. 1844ರ ಅಕ್ಟೋಬರ್‌ನಲ್ಲಿ ಇಂಥ ನೀರಿನ ಉಬ್ಬರ ಬಫಲೊ ನಗರದ ತಡೆಗೋಡೆಯನ್ನು ದಾಟಿ ಬಂದು 78 ಜನರನ್ನು ಬಲಿ ತೆಗೆದುಕೊಂಡಿತು.

ಶೀತವಾಯುಮುಖ ಹಾದುಹೋಗುವಾಗ ಗುಡುಗು ಮಳೆಯ ಒಂದು ಸಾಲು ಬರಬಹುದು. ಅನಂತರ ಗಾಳಿ ವಾಯವ್ಯಕ್ಕೆ ತಿರುಗುತ್ತದೆ. ಒಳನಾಡಿನಲ್ಲಿ ಆಕಾಶ ತೊಳೆದಂತಾಗುತ್ತದೆ. ಸರೋವರದ ಮೇಲೆ ಮಾತ್ರ ಬೇರೆಯೇ ಕಥೆ ನಡೆಯುತ್ತಿರುತ್ತದೆ. ತಂಪು ಗಾಳಿಯ ತಳಭಾಗವನ್ನು ಬೆಚ್ಚನೆಯ ನೀರು ಕಾಯಿಸಿ, ತೇವ ತುಂಬಿ, ಮೇಲಕ್ಕೆ ಕಳುಹಿಸುತ್ತದೆ. ನೀರಿಗೂ ಸುಮಾರು 1,500 ಮೀಟರ್ ಎತ್ತರದ ಗಾಳಿಗೂ ನಡುವೆ 13 ಡಿಗ್ರಿಯಷ್ಟು ಅಂತರ ಉಂಟಾದರೆ ಸರೋವರವೇ ಮೋಡಗಳನ್ನು ಕಟ್ಟತೊಡಗುತ್ತದೆ. ಆಗ ಒಳನಾಡಿನಲ್ಲಿ ನಕ್ಷತ್ರಗಳು ಕಾಣುತ್ತಿದ್ದರೂ ದಕ್ಷಿಣ ದಂಡೆಯ ಒಂದು ಕಿರಿದಾದ ಪಟ್ಟಿಯಲ್ಲಿ ಮಳೆ ಸುರಿಯುತ್ತಿರಬಹುದು. ಇದೇ ಮೋಡಗಳ ಕೆಳಗೆ ಸುಳಿಗಾಳಿ ನೀರಿನ ಮೇಲೆ ಕಂಬದಂತೆ ನಿಲ್ಲುವ ಜಲಸ್ತಂಭಗಳು ಮೂಡುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅವುಗಳ ಕಾಲ. 2020ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 4ರವರೆಗಿನ ಒಂದೇ ವಾರದಲ್ಲಿ ಮಹಾಸರೋವರಗಳ ಮೇಲೆ ಇನ್ನೂರಕ್ಕೂ ಹೆಚ್ಚು ಜಲಸ್ತಂಭಗಳು ದಾಖಲಾದವು.

ಈ ದಿನಗಳಲ್ಲಿ ಇನ್ನೊಂದು ಅಪಾಯ ಸುಂದರ ರೂಪದಲ್ಲಿ ಬರುತ್ತದೆ. ವಾಯವ್ಯದ ಗಾಳಿ ಅಗಲವಾದ ನೀರನ್ನು ದಾಟಿ ದಕ್ಷಿಣ ದಂಡೆಗೆ ದೊಡ್ಡ ಅಲೆಗಳನ್ನು ತರುತ್ತದೆ. ಬಿಸಿಲಿದೆ, ಆಕಾಶ ನೀಲಿಯಾಗಿದೆ, ನೀರು ಬೆಚ್ಚಗಿದೆ. ಈಜಲು ಇಳಿದವರನ್ನು ಒಳಗೆಳೆಯುವ ಸೆಳವು ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದ ರಜೆ ಮುಗಿದ ಮೇಲೆ ಅನೇಕ ದಂಡೆಗಳಲ್ಲಿ ಜೀವರಕ್ಷಕರೂ ಇರುವುದಿಲ್ಲ. ಆದುದರಿಂದಲೇ ಅಲ್ಲಿಯ ರಾಷ್ಟ್ರೀಯ ಹವಾಮಾನ ಸೇವೆ ಒಳನಾಡಿಗೆ ಒಳ್ಳೆಯ ಹವೆಯೆಂದು ಹೇಳುವ ದಿನವೇ ದಂಡೆಗೆ ಪ್ರತ್ಯೇಕ ಎಚ್ಚರಿಕೆಯನ್ನು ನೀಡಬೇಕಾಗುತ್ತದೆ.

ನೀರು ಹಿಡಿದಿಟ್ಟ ಶಾಖ ಅಪಾಯವನ್ನಷ್ಟೇ ತರುವುದಿಲ್ಲ, ಅನ್ನವನ್ನೂ ನೀಡುತ್ತದೆ. ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳ ದಂಡೆಯಲ್ಲಿ, ಸರೋವರಕ್ಕೂ ಅದರ ಹಿಂದಿನ ಗುಡ್ಡಗಳಿಗೂ ನಡುವೆ ಇರುವ ಕಿರಿದಾದ ನೆಲದಲ್ಲಿ ಸುಮಾರು 30,000 ಎಕರೆ ದ್ರಾಕ್ಷಿ ತೋಟಗಳಿವೆ. ಇಲ್ಲಿ ಪ್ರಧಾನವಾಗಿ ಬೆಳೆಯುವುದು ಕಾಂಕರ್ಡ್ ಎಂಬ ಕಪ್ಪು ದ್ರಾಕ್ಷಿ. ಚಟಾಕ್ವಾ ಜಿಲ್ಲೆಯ ವೆಸ್ಟ್‌ಫೀಲ್ಡ್‌ನಲ್ಲಿ 1897ರಲ್ಲಿಯೇ ದ್ರಾಕ್ಷಾರಸದ ಕಾರ್ಖಾನೆ ಆರಂಭವಾಯಿತು. ವಸಂತದಲ್ಲಿ ತಣ್ಣಗಿರುವ ಸರೋವರ ಬಳ್ಳಿಗಳನ್ನು ಬೇಗ ಚಿಗುರಲು ಬಿಡದೆ ಕೊನೆಯ ಹಿಮದಿಂದ ಕಾಪಾಡುತ್ತದೆ. ಶರತ್ಕಾಲದಲ್ಲಿ ಬೆಚ್ಚಗಿರುವ ಅದೇ ಸರೋವರ ಮೊದಲ ಹಿಮವನ್ನು ಮುಂದೂಡಿ ಹಣ್ಣು ಕಳಿಯಲು ಸಮಯ ಕೊಡುತ್ತದೆ. ಗುಡ್ಡದ ಆಚೆ ಕೆಲವೇ ಕಿಲೋಮೀಟರ್ ದೂರದ ಕಣಿವೆಯಲ್ಲಿ ಹಿಮ ಬಿದ್ದ ರಾತ್ರಿ ದಂಡೆಯ ತೋಟದಲ್ಲಿ ಹಣ್ಣು ಸುರಕ್ಷಿತವಾಗಿರುತ್ತದೆ. ಕೊಯ್ಲು ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ.

ಇದುವರೆಗೆ ಹೇಳಿದ್ದು ನೀರಿನ ಮೇಲ್ಪದರದ ವಿಷಯ. ಬೇಸಿಗೆಯಲ್ಲಿ ಸರೋವರದ ಮಧ್ಯಭಾಗ ಎರಡು ಪದರಗಳಾಗಿ ಬೇರ್ಪಟ್ಟಿರುತ್ತದೆ. ಮೇಲೆ ಹಗುರವಾದ ಬೆಚ್ಚನೆಯ ನೀರು, ಕೆಳಗೆ ಭಾರವಾದ ತಣ್ಣನೆಯ ನೀರು. ಎರಡೂ ಬೆರೆಯುವುದಿಲ್ಲ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ತಳಪದರದ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಗಾಳಿಯ ಸಂಪರ್ಕವಿಲ್ಲದ ಆ ಪದರಕ್ಕೆ ಹೊಸ ಆಮ್ಲಜನಕ ದೊರೆಯದು. ಆಗಸ್ಟ್ ಕೊನೆಯ ಹೊತ್ತಿಗೆ ಮಧ್ಯಭಾಗದ ತಳದಲ್ಲಿ ಮೀನುಗಳು ಉಸಿರಾಡಲಾಗದಂಥ ದೊಡ್ಡ ಪ್ರದೇಶವೊಂದು ಏರ್ಪಡುತ್ತದೆ. ತಂಪು ಗಾಳಿಯ ರಭಸ ಮೇಲಿನ ನೀರನ್ನು ಒಂದು ಬದಿಗೆ ತಳ್ಳಿದಾಗ ಇನ್ನೊಂದು ಬದಿಯಲ್ಲಿ ಈ ಉಸಿರಿಲ್ಲದ ನೀರು ಮೇಲೇಳಬಹುದು. 2012ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಒಂಟಾರಿಯೊ ದಂಡೆಯ ಹತ್ತಾರು ಕಿಲೋಮೀಟರ್ ಉದ್ದಕ್ಕೂ ಸಾವಿರಾರು ಮೀನುಗಳು ಸತ್ತು ಬಿದ್ದದ್ದಕ್ಕೆ ಇದೇ ಕಾರಣವೆಂದು ಅಲ್ಲಿಯ ಅಧಿಕಾರಿಗಳು ವಿವರಿಸಿದರು. ಮುಂದೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಮೇಲ್ಪದರ ತಣಿದು ಭಾರವಾದಾಗ ಎರಡೂ ಪದರಗಳು ಬೆರೆತು ತಳಕ್ಕೆ ಮತ್ತೆ ಆಮ್ಲಜನಕ ತಲುಪುತ್ತದೆ. ತಂಪು ಗಾಳಿ ಕೊನೆಗೆ ಸರೋವರಕ್ಕೆ ಉಸಿರನ್ನೇ ತರುತ್ತದೆ. ಆ ಹಂತ ತಲುಪುವವರೆಗಿನ ಕೆಲವು ವಾರಗಳು ಮಾತ್ರ ಕಠಿಣ.

ಇನ್ನು ಗೊಬ್ಬರದ ಲೆಕ್ಕ. ಟೊಲೆಡೊ ನಗರದ ಬಳಿ ಈರೀಯನ್ನು ಸೇರುವ ಮಾಮೀ ನದಿ ಮಹಾಸರೋವರಗಳಿಗೆ ಹರಿದುಬರುವ ನದಿಗಳಲ್ಲೇ ಅತಿ ವಿಸ್ತಾರವಾದ ಜಲಾನಯನ ಪ್ರದೇಶವನ್ನು ಹೊಂದಿದೆ. ಅಲ್ಲಿ ಹೆಚ್ಚಿನ ನೆಲ ಮೆಕ್ಕೆಜೋಳ ಮತ್ತು ಸೋಯಾ ಬೆಳೆಯುವ ಹೊಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಅಲ್ಲಿ ಮಹಾ ಕಪ್ಪು ಜೌಗು ಎಂದು ಹೆಸರಾದ ವಿಶಾಲವಾದ ಜೌಗು ಕಾಡು ಇತ್ತು. ಕಾಡು ಕಡಿದು, ಕಾಲುವೆ ತೋಡಿ, ನೆಲದಡಿ ಮಣ್ಣಿನ ಕೊಳವೆಗಳನ್ನು ಹೂತು ಕೆಲವೇ ದಶಕಗಳಲ್ಲಿ ಆ ನೀರನ್ನು ಬಸಿದು ತೆಗೆಯಲಾಯಿತು. ಅತ್ಯಂತ ಫಲವತ್ತಾದ ಹೊಲ ದೊರೆಯಿತು. ಆದರೆ ಹರಿಯುವ ನೀರನ್ನು ತಡೆದು, ಸೋಸಿ, ನಿಧಾನವಾಗಿ ಸರೋವರಕ್ಕೆ ಬಿಡುತ್ತಿದ್ದ ದೊಡ್ಡ ಜರಡಿ ಇಲ್ಲವಾಯಿತು. ಈಗ ಹೊಲಕ್ಕೆ ಹಾಕಿದ ರಸಗೊಬ್ಬರದ, ದೊಡ್ಡ ಪಶುಶಾಲೆಗಳ ಸಗಣಿಯ ರಂಜಕಾಂಶ ವಸಂತದ ಮಳೆಯೊಡನೆ ಕೊಳವೆಗಳ ಮೂಲಕ ನೇರವಾಗಿ ನದಿಗೆ, ನದಿಯಿಂದ ಆಳವಿಲ್ಲದ ಪಶ್ಚಿಮ ಭಾಗಕ್ಕೆ ಸೇರುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಅದನ್ನುಂಡು ಬೆಳೆಯುವುದು ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿ. ಇದು ಮೈಕ್ರೋಸಿಸ್ಟಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲದು. ಆ ವಿಷ ಯಕೃತ್ತಿಗೆ ಹಾನಿಕರ.

2014ರ ಆಗಸ್ಟ್ 2ರ ನಸುಕಿನಲ್ಲಿ ಟೊಲೆಡೊ ನಗರದ ನಾಲ್ಕು ಲಕ್ಷಕ್ಕೂ ಹೆಚ್ಚು ಬಳಕೆದಾರರಿಗೆ ನಲ್ಲಿಯ ನೀರನ್ನು ಕುಡಿಯಬಾರದೆಂಬ ಆದೇಶ ಹೊರಟಿತು. ಕುದಿಸಿಯೂ ಕುಡಿಯುವಂತಿರಲಿಲ್ಲ. ಕುದಿಸಿದರೆ ನೀರು ಆವಿಯಾಗಿ ವಿಷ ಮತ್ತಷ್ಟು ಸಾಂದ್ರವಾಗುತ್ತದೆ. ಅಂಗಡಿಗಳಲ್ಲಿ ಬಾಟಲಿ ನೀರು ಕೆಲವೇ ಗಂಟೆಗಳಲ್ಲಿ ಮುಗಿಯಿತು. ಜನರು ನೆರೆಯ ಊರುಗಳಿಗೆ, ನೆರೆಯ ರಾಜ್ಯಕ್ಕೆ ಕಾರಿನಲ್ಲಿ ಹೋಗಿ ನೀರು ತಂದರು. ಸೈನಿಕರು ನೀರು ಹಂಚಿದರು. ಆಗಸ್ಟ್ 4ರಂದು ಆದೇಶ ಹಿಂತೆಗೆದುಕೊಳ್ಳಲಾಯಿತು. ಜಗತ್ತಿನ ಅತಿದೊಡ್ಡ ಸಿಹಿನೀರಿನ ಸಂಗ್ರಹಗಳಲ್ಲೊಂದರ ದಂಡೆಯಲ್ಲಿ ಕುಳಿತ ನಗರವೊಂದು ಮೂರು ದಿನ ಕುಡಿಯುವ ನೀರಿಲ್ಲದೆ ಉಳಿದದ್ದು ಹೀಗೆ. ಗಮನಿಸಬೇಕಾದ ಅಂಶವೊಂದಿದೆ. ಆ ವರ್ಷದ ಪಾಚಿ 2011ರಷ್ಟು ಅಥವಾ ಮುಂದೆ 2015ರಲ್ಲಿ ಬಂದಷ್ಟು ದೊಡ್ಡದಾಗಿರಲಿಲ್ಲ. ಗಾಳಿ ಅದನ್ನು ಒಟ್ಟುಗೂಡಿಸಿ ನಗರಕ್ಕೆ ನೀರೆತ್ತುವ ಜಾಗಕ್ಕೇ ತಂದು ನಿಲ್ಲಿಸಿತ್ತು. ಪಾಚಿಯನ್ನು ಬೆಳೆಸಿದ್ದು ತಿಂಗಳುಗಳ ಹಿಂದಿನ ಗೊಬ್ಬರ. ಅದನ್ನು ಮನೆಯ ನಲ್ಲಿಗೆ ತಲುಪಿಸಿದ್ದು ಆ ದಿನದ ಗಾಳಿ.

ಆದುದರಿಂದ ಬೇಸಿಗೆಯ ಕೊನೆಯಲ್ಲಿ ತಂಪು ಗಾಳಿ ಬಂದೊಡನೆ ಪಾಚಿಯ ಭಯ ಮುಗಿಯಿತೆಂದು ತಿಳಿಯುವುದು ತಪ್ಪು. ಬಿರುಸಾದ ಗಾಳಿ ಮೇಲೆ ತೇಲುವ ಹಸಿರು ಕೆನೆಯನ್ನು ನೀರಿನೊಳಕ್ಕೆ ಬೆರೆಸುತ್ತದೆ. ನೀರು ಶುದ್ಧವಾದಂತೆ ತೋರುತ್ತದೆ. ಎರಡು ದಿನ ಗಾಳಿ ನಿಂತರೆ ಅದೇ ಪಾಚಿ ಮತ್ತೆ ಮೇಲಕ್ಕೆ ತೇಲಿ ಬರುತ್ತದೆ. ನೀರಿನ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿದ ಮೇಲೆ ಅದರ ಬೆಳವಣಿಗೆ ನಿಧಾನವಾಗುತ್ತದೆ. ಆದರೂ ಕೆಲವು ವರ್ಷ ಅಕ್ಟೋಬರ್‌ವರೆಗೂ ಅದು ಉಳಿಯುತ್ತದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಆಡಳಿತ ಸಂಸ್ಥೆ 2012ರಿಂದ ಪ್ರತಿವರ್ಷ ಬೇಸಿಗೆಯ ಆರಂಭದಲ್ಲಿ ಪಾಚಿಯ ತೀವ್ರತೆಯ ಮುನ್ಸೂಚನೆಯನ್ನು ನೀಡುತ್ತಿದೆ. ಆ ಲೆಕ್ಕಕ್ಕೆ ಮುಖ್ಯ ಆಧಾರ ಮಾರ್ಚ್‌ನಿಂದ ಜುಲೈವರೆಗೆ ಮಾಮೀ ನದಿ ಹೊತ್ತು ತಂದ ರಂಜಕದ ಪ್ರಮಾಣ. ಒಹಾಯೊ ರಾಜ್ಯದ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದಿಂದ ನದಿಯ ನೀರನ್ನು ಬಿಡದೆ ಅಳೆಯುತ್ತ ಬಂದಿರುವುದರಿಂದಲೇ ಈ ಲೆಕ್ಕ ಸಾಧ್ಯವಾಗಿದೆ. ಆಗಸ್ಟ್ ತಿಂಗಳ ಸರೋವರದ ಸ್ಥಿತಿಯನ್ನು ಏಪ್ರಿಲ್ ತಿಂಗಳ ಹೊಲದಿಂದ ಓದಬಹುದೆಂಬುದು ಎಲ್ಲ ವಿದ್ಯಾರ್ಥಿಗಳೂ ಮನನ ಮಾಡಬೇಕಾದ ವಿಷಯ.

ಈರೀಗೆ ಇದು ಮೊದಲ ಕಷ್ಟವೇನೂ ಅಲ್ಲ. 1960ರ ದಶಕದಲ್ಲಿ ಈ ಸರೋವರ ಸತ್ತಿತೆಂದೇ ಪತ್ರಿಕೆಗಳು ಬರೆದವು. ಕ್ಲೀವ್‌ಲ್ಯಾಂಡ್ ನಗರದಲ್ಲಿ ಅದನ್ನು ಸೇರುವ ಕುಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ ಮತ್ತು ಕಸಕ್ಕೆ 1969ರ ಜೂನ್‌ನಲ್ಲಿ ಬೆಂಕಿ ಹತ್ತಿಕೊಂಡಿತು. ಜನರ ಒತ್ತಾಯದ ಫಲವಾಗಿ 1972ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳು ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದವು. ನಗರಗಳ ಚರಂಡಿ ನೀರನ್ನು ಶುದ್ಧೀಕರಿಸಲಾಯಿತು, ಬಟ್ಟೆ ತೊಳೆಯುವ ಪುಡಿಯಲ್ಲಿ ರಂಜಕವನ್ನು ಕಡಿಮೆ ಮಾಡಲಾಯಿತು. 1980ರ ದಶಕದ ಹೊತ್ತಿಗೆ ಸರೋವರ ಬಹುಮಟ್ಟಿಗೆ ಚೇತರಿಸಿಕೊಂಡಿತು. ಇಷ್ಟು ಬೇಗ ಇದು ಸಾಧ್ಯವಾದದ್ದಕ್ಕೆ ಈರೀಯ ಸ್ವಭಾವವೂ ಕಾರಣ. ಸುಪೀರಿಯರ್ ಸರೋವರದ ನೀರು ಪೂರ್ತಿ ಬದಲಾಗಲು ಸುಮಾರು 191 ವರ್ಷ ಬೇಕು. ಈರೀಗೆ ಎರಡೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಹಾಕುವುದನ್ನು ನಿಲ್ಲಿಸಿದರೆ ಈ ಸರೋವರ ಬೇಗ ಕ್ಷಮಿಸುತ್ತದೆ. 1990ರ ದಶಕದ ಮಧ್ಯದಿಂದ ಪಾಚಿ ಮರಳಿ ಬಂದಿತು. ಈ ಬಾರಿ ಮೂಲ ಒಂದು ಕೊಳವೆಯ ಬಾಯಲ್ಲಿರಲಿಲ್ಲ, ಸಾವಿರಾರು ಹೊಲಗಳಲ್ಲಿ ಹರಡಿತ್ತು. ಆದುದರಿಂದ ಪರಿಹಾರವೂ ಕಠಿಣವಾಯಿತು.

2015ರಲ್ಲಿ ಒಹಾಯೊ, ಮಿಶಿಗನ್ ಮತ್ತು ಒಂಟಾರಿಯೊ ಸರ್ಕಾರಗಳು ಪಶ್ಚಿಮ ಭಾಗಕ್ಕೆ ಸೇರುವ ರಂಜಕವನ್ನು 2025ರೊಳಗೆ ನೂರಕ್ಕೆ 40ರಷ್ಟು ಇಳಿಸುವುದಾಗಿ ಒಪ್ಪಿಕೊಂಡವು. ಆ ಗಡುವಿನ ವರ್ಷದ ಬೇಸಿಗೆಯಲ್ಲೂ ಪಾಚಿ ಕಾಣಿಸಿಕೊಂಡಿತು. ನಿರಾಶರಾದ ಟೊಲೆಡೊ ನಾಗರಿಕರು ಇನ್ನೊಂದು ದಾರಿಯನ್ನೂ ಹಿಡಿದು ನೋಡಿದ್ದರು. ಸರೋವರಕ್ಕೇ ಬದುಕುವ, ಅರಳುವ ಹಕ್ಕಿದೆಯೆಂದು ಸಾರುವ ಈರೀ ಸರೋವರ ಹಕ್ಕುಪತ್ರವನ್ನು 2019ರ ಫೆಬ್ರವರಿಯಲ್ಲಿ ಮತದಾನದ ಮೂಲಕ ಅಂಗೀಕರಿಸಿದರು. ಮರುವರ್ಷ, 2020ರ ಫೆಬ್ರವರಿಯಲ್ಲಿ, ಅದರ ಮಾತುಗಳು ಅಸ್ಪಷ್ಟವಾಗಿವೆಯೆಂದು ಹೇಳಿ ಫೆಡರಲ್ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕಾನೂನಿನಲ್ಲಿ ಆ ಪ್ರಯತ್ನ ಸೋತಿತು. ಆದರೂ ಸರೋವರ ಯಾರದು, ಅದರ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ಅದರಿಂದ ಊರೂರಿನ ಚರ್ಚೆಗೆ ಬಂದಿತು.

ಋತುವಿನ ಲೆಕ್ಕವೂ ಈಗ ಬದಲಾಗುತ್ತಿದೆ. ಮಹಾಸರೋವರಗಳ ಮೇಲ್ಪದರದ ನೀರು ಬೆಚ್ಚಗಾಗುತ್ತಿದೆ. 1973ರಿಂದ ಲಭ್ಯವಿರುವ ದಾಖಲೆಗಳು ಚಳಿಗಾಲದ ಹಿಮಹೊದಿಕೆ ವರ್ಷದಿಂದ ವರ್ಷಕ್ಕೆ ಏರಿಳಿದರೂ ಒಟ್ಟಾರೆ ಕಡಿಮೆಯಾಗುತ್ತಿರುವುದನ್ನು ತೋರಿಸುತ್ತವೆ. ಬೇಸಿಗೆಯ ಶಾಖ ನೀರಿನಲ್ಲಿ ಹೆಚ್ಚು ಕಾಲ ಉಳಿದಷ್ಟೂ ಪಾಚಿಯ ಕಾಲ ನೀಳವಾಗುತ್ತದೆ. ಅದೇ ಶಾಖ ನವೆಂಬರ್‌ನಲ್ಲಿ ನಿಜವಾದ ಚಳಿಗಾಳಿಯನ್ನು ಎದುರಿಸಿದಾಗ ಮಳೆಯ ಬದಲು ಹಿಮದ ಮೋಡಗಳನ್ನು ಕಟ್ಟುತ್ತದೆ. 2022ರ ನವೆಂಬರ್ ಮಧ್ಯದಲ್ಲಿ ಬಫಲೊ ನಗರದ ದಕ್ಷಿಣದ ಬಡಾವಣೆಗಳಲ್ಲಿ ಕೆಲವೇ ದಿನಗಳಲ್ಲಿ ಸುಮಾರು ಎರಡು ಮೀಟರ್ ಹಿಮ ಬಿದ್ದಿತು. ಆಗಸ್ಟ್‌ನಲ್ಲಿ ದಂಡೆಯ ಜನ ಆನಂದಿಸಿದ ಬೆಚ್ಚನೆಯ ನೀರು ನವೆಂಬರ್‌ನಲ್ಲಿ ಅವರ ಬಾಗಿಲನ್ನು ಮುಚ್ಚಿತು.

ಹೀಗಾಗಿ ಈರೀ ತೀರದ ಬೇಸಿಗೆ ಕೊನೆಯ ಮುನ್ಸೂಚನೆಯನ್ನು ಓದುವವರು ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕಾಗುತ್ತದೆ. ಗಾಳಿ ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಬೀಸಲಿದೆ? ನೀರಿನ ಉಷ್ಣತೆ ಎಷ್ಟಿದೆ, ಗಾಳಿಗೂ ನೀರಿಗೂ ಅಂತರವೆಷ್ಟು? ಕಳೆದ ವಸಂತದಲ್ಲಿ ನದಿಗಳು ಏನನ್ನು ಹೊತ್ತು ತಂದವು? ಮೊದಲ ಪ್ರಶ್ನೆಗೆ ಉತ್ತರ ಆಕಾಶದಲ್ಲಿದೆ, ಎರಡನೆಯದಕ್ಕೆ ಸರೋವರದಲ್ಲಿದೆ. ಮೂರನೆಯದಕ್ಕೆ ಉತ್ತರ ಮನುಷ್ಯರ ಕೈಯಲ್ಲಿದೆ. ಗಾಳಿಯನ್ನು ತಡೆಯಲು ಯಾರಿಂದಲೂ ಆಗದು. ನೀರಿಗೆ ಏನು ಸೇರಬೇಕೆಂಬುದನ್ನು ನಿರ್ಧರಿಸಲು ಆಗುತ್ತದೆ.

ಮಲೆನಾಡಿನ ಊರುಗಳು ನದಿಗಳ ತಲೆಯ ಮೇಲಿವೆ. ಮಾಮೀ ನದಿಯ ಮೇಲ್ಭಾಗದ ರೈತ ಟೊಲೆಡೊ ನಗರದ ನಲ್ಲಿಯನ್ನು ಕಂಡಿರಲಾರ. ಅವನ ಹೊಲದ ಗೊಬ್ಬರ ಆ ನಲ್ಲಿಯನ್ನು ಕಂಡಿತು. ಮೇಲ್ಭಾಗದ ಜೌಗು, ತೊರೆಯ ಅಂಚಿನ ಮರ, ಹೊಲದ ಬದುವಿನ ಹುಲ್ಲು ಎಲ್ಲವೂ ಕೆಳಗಿನ ಯಾರದೋ ಮನೆಯ ಕುಡಿಯುವ ನೀರಿನ ಕಾವಲುಗಾರರು. ಟೊಲೆಡೊ ನಗರದ ಹಿಂದಿನ ಜೌಗನ್ನು ಬಸಿಯಲು ಕೆಲವೇ ದಶಕಗಳು ಸಾಕಾದವು. ಅದು ಮಾಡುತ್ತಿದ್ದ ಕೆಲಸದ ಸ್ವಲ್ಪ ಭಾಗವನ್ನಾದರೂ ಮರಳಿ ಪಡೆಯಲು ಅಲ್ಲಿಯ ಜನ ಈಗ ನದಿಯ ಬದಿಯ ಹೊಲಗಳಲ್ಲಿ ತುಂಡು ತುಂಡಾಗಿ ಜೌಗು ನೆಲವನ್ನು ಮತ್ತೆ ಕಟ್ಟುತ್ತಿದ್ದಾರೆ.